ಪಾಂಟೆಲ್ಲೆರಿಯಾ ದ್ವೀಪದ ಉಪ್ಪು ಕೇಪರ್

ಸಿಸಿಲಿಗೂ ಟ್ಯುನೀಷಿಯಾಕ್ಕೂ ನಡುವಿನ ಪಾಂಟೆಲ್ಲೆರಿಯಾ ಇಟಲಿಗೆ ಸೇರಿದ, ಸುಮಾರು 83 ಚದರ ಕಿಲೋಮೀಟರ್ ವಿಸ್ತಾರದ ಜ್ವಾಲಾಮುಖಿ ದ್ವೀಪ. ಸುತ್ತಲೂ ಸಮುದ್ರವಿದ್ದರೂ ಇಲ್ಲಿನವರು ಮೀನುಗಾರಿಕೆಗಿಂತ ಬೇಸಾಯವನ್ನೇ ಹೆಚ್ಚಾಗಿ ನೆಚ್ಚಿಕೊಂಡು ಬಂದವರು. ಮಳೆ ಕಡಿಮೆಯಾಗಿ, ಗಾಳಿ ಬಿರುಸಾಗಿ, ಕಲ್ಲೇ ಹೆಚ್ಚಾಗಿರುವ ಈ ನೆಲದಲ್ಲಿ ದ್ರಾಕ್ಷಿ ಮತ್ತು ಆಲಿವ್‌ಗಳ ಜೊತೆಗೆ ಬೇರೂರಿದ ಬೆಳೆ ಕೇಪರ್, ಅಂದರೆ ನೆಲಕ್ಕೆ ಹತ್ತಿ ಹಬ್ಬುವ ಕಪ್ಪಾರಿಸ್ ಸ್ಪೈನೋಸಾ ಎಂಬ ಪೊದೆಯ ಅರಳದ ಮೊಗ್ಗು. ಮೆಡಿಟರೇನಿಯನ್ ತೀರಕ್ಕೆ ಈ ಗಿಡ ಹೊಸದಲ್ಲ, ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಕೊಲುಮೆಲ್ಲ ತನ್ನ ಕೃಷಿಗ್ರಂಥದಲ್ಲಿಯೇ ಇದರ ಬೇಸಾಯವನ್ನು ಪ್ರಸ್ತಾಪಿಸಿದ್ದಾನೆ.

ಮೇ ಕೊನೆಯಿಂದ ಆಗಸ್ಟ್‌ವರೆಗಿನ ಕೊಯ್ಲು ಕಷ್ಟದ್ದು. ಹೂವು ಅರಳಿದರೆ ಒಂದು ದಿನದೊಳಗೆ ಬಾಡುತ್ತದೆ, ಅರಳಿದ ಮೇಲೆ ಮೊಗ್ಗಿಗಿರುವ ಬೆಲೆಯೂ ಇಲ್ಲ. ಆದ್ದರಿಂದ ಬಿಸಿಲೇರುವ ಮೊದಲೇ ಬಗ್ಗಿ ನಿಂತು ಒಂದೊಂದೇ ಮೊಗ್ಗನ್ನು ಕೈಯಿಂದ ಕೀಳಬೇಕು, ಎಂಟು ಹತ್ತು ದಿನಗಳಿಗೊಮ್ಮೆ ಅದೇ ಗಿಡಕ್ಕೆ ಮರಳಬೇಕು.

ಹಸಿ ಮೊಗ್ಗು ಬರೀ ಕಹಿ, ಬಾಯಿಗಿಡುವಂತಿಲ್ಲ. ಕಲ್ಲುಪ್ಪು ಬೆರೆಸಿ ತೊಟ್ಟಿಯಲ್ಲಿಟ್ಟು ಆಗಾಗ ಕದಡುತ್ತಿದ್ದರೆ, ಮೊಗ್ಗು ಬಿಡುವ ನೀರಿನೊಡನೆ ಕಹಿಯೂ ಇಳಿಯುತ್ತದೆ. ಸುಮಾರು ಹತ್ತು ದಿನಗಳ ಬಳಿಕ ಆ ನೀರನ್ನು ಬಸಿದು ಹೊಸ ಉಪ್ಪು ಹಾಕಲಾಗುತ್ತದೆ. ಮಲೆನಾಡಿನವರು ಅಪ್ಪೆಮಿಡಿಯನ್ನು ಉಪ್ಪಿನಲ್ಲಿಟ್ಟು ಚಿರುಟಿಸುವ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಉಪ್ಪಿನಲ್ಲಿ ಹದಗೊಂಡ ಕೇಪರಿನಿಂದ ಹೊಮ್ಮುವ ಘಾಟು ಸಾಸಿವೆಯದಕ್ಕೆ ಸಮೀಪ, ಏಕೆಂದರೆ ಎರಡರಲ್ಲಿಯೂ ಇರುವುದು ಗಂಧಕಯುಕ್ತವಾದ ಒಂದೇ ಬಗೆಯ ಸಂಯುಕ್ತಗಳು. ಬೇರೆಡೆ ಬಳಕೆಯಲ್ಲಿರುವ ವಿನೆಗರ್ ಈ ಪರಿಮಳವನ್ನು ಹುಳಿಯಲ್ಲಿ ಮುಚ್ಚಿಬಿಡುತ್ತದೆ, ಉಪ್ಪಿನದೇ ಮೇಲು.

ಅಡುಗೆಯ ಕ್ರಮವನ್ನೂ ಈ ಉಪ್ಪೇ ನಿರ್ಧರಿಸಿದೆ. ಕೇಪರನ್ನು ತೊಳೆದು, ನೀರು ಬದಲಿಸುತ್ತ ನೆನೆಸಿ, ಹಿಂಡಿ, ಒಲೆಯಿಂದ ಇಳಿಸುವ ಹೊತ್ತಿಗೆ ಸೇರಿಸುತ್ತಾರೆ. ರುಚಿ ನೋಡದೆ ಬೇರೆ ಉಪ್ಪು ಹಾಕುವುದಿಲ್ಲ. ಬೇಯಿಸಿದ ಆಲೂಗಡ್ಡೆ, ಟೊಮೆಟೊ, ಕೆಂಪು ಈರುಳ್ಳಿ, ಒರೆಗಾನೊ, ಆಲಿವ್ ಎಣ್ಣೆಗಳಿಗೆ ಕೇಪರ್ ಬೆರೆಸಿದ ತಣ್ಣನೆಯ ಪಾಂಟೆಸ್ಕ ಸಲಾಡ್ ದ್ವೀಪದ ಹೆಗ್ಗುರುತು. ಕೇಪರಿನ ಕುಲದ್ದೇ ಆದ ಇನ್ನೊಂದು ಗಿಡದಿಂದ ರಾಜಸ್ಥಾನದವರು ಕೇರ್ ಪಡೆಯುತ್ತಾರಾದರೂ, ಅಲ್ಲಿ ಬಳಕೆಯಾಗುವುದು ಮೊಗ್ಗಲ್ಲ, ಕಾಯಿ.

1996ರಲ್ಲಿ ಯುರೋಪಿಯನ್ ಒಕ್ಕೂಟ ಪಾಂಟೆಲ್ಲೆರಿಯಾ ಕೇಪರಿನ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ನೀಡಿತು. ಆದರೆ ಕೀಳುವ ಕೈಗಳ ಕೂಲಿಯನ್ನು ಆ ಮುದ್ರೆ ಇಳಿಸಲಾರದು. ಮೊರಾಕ್ಕೊ, ಟರ್ಕಿಗಳ ಅಗ್ಗದ ಕೇಪರಿನ ಎದುರು ದ್ವೀಪದ ರೈತ ಇಂದಿಗೂ ಬೆಲೆಯಲ್ಲಿ ಸೋಲುತ್ತಾನೆ.