ಉಬ್ಬಸದ ಮದ್ದೂ ಔಷಧದಂಗಡಿಯೂ

ಗೂರಲು, ಉಬ್ಬಸ, ದಮ್ಮು ಎಂದು ನಮ್ಮ ಜನ ನಾನಾ ಹೆಸರಿನಿಂದ ಕರೆಯುವ ರೋಗಕ್ಕೆ ಇಂಗ್ಲಿಷ್ ವೈದ್ಯರು ಬಹುಕಾಲ ಬಳಸಿದ ಮದ್ದೊಂದು ನಮ್ಮ ದಕ್ಷಿಣದಿಂದಲೇ ಅಲ್ಲಿಗೆ ಹೋಯಿತು. ಮದರಾಸಿನಲ್ಲಿ ಕಂಪನಿ ಸರಕಾರದ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್, ದತ್ತೂರದ ಹೊಗೆ ಸೇದುವ ಇಲ್ಲಿಯ ಪದ್ಧತಿಯನ್ನು ಮೆಚ್ಚಿದ್ದನು. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಅದನ್ನು ಬ್ರಿಟನ್ನಿಗೆ ಒಯ್ದನು. ಆ ಶತಮಾನ ಮುಗಿಯುವಷ್ಟರಲ್ಲಿ ದತ್ತೂರದ ಜಾತಿಯ ಎಲೆ ತುಂಬಿದ ಸಿಗರೇಟುಗಳು ಅಲ್ಲಿಯ ಔಷಧದಂಗಡಿಗಳಿಗೆ ಬಂದಿದ್ದವು. ದಮ್ಮು ಹತ್ತಿದವನಿಗೆ ದಮ್ಮು ಎಳೆಯಲು ಹೇಳುವ ಚಿಕಿತ್ಸೆ! ನಗಬೇಕಾಗಿಲ್ಲ, ಆ ಎಲೆಯ ಅಟ್ರೋಪಿನ್ ಶ್ವಾಸನಾಳವನ್ನು ಸಡಿಲಿಸುವುದು ನಿಜ. ಇಂದಿನ ಇಪ್ರಾಟ್ರೋಪಿಯಮ್ ಅದರ ವಂಶದ ಕುಡಿಯೇ. ಆದರೆ ಒಂದು ದಮ್ಮಿನಲ್ಲಿ ಎಷ್ಟು ಮದ್ದು ಒಳಗೆ ಹೋಯಿತೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಅಳತೆಯ ತೊಡಕನ್ನು ಬಿಡಿಸಿದ್ದು ಅಮೆರಿಕದ ರೈಕರ್ ಸಂಸ್ಥೆ. ಅದರ ಮುಖ್ಯಸ್ಥ ಜಾರ್ಜ್ ಮೇಸನ್ನರ ಮಗಳಿಗೆ ಉಬ್ಬಸವಿತ್ತು. ಕೂದಲಿಗೆ ಸಿಂಪಡಿಸುವ ದ್ರವದಂತೆ ತನ್ನ ಮದ್ದನ್ನೂ ಡಬ್ಬಿಯಲ್ಲಿ ತುಂಬಬಾರದೇಕೆ ಎಂದು ಆ ಹುಡುಗಿ 1955ರಲ್ಲಿ ಕೇಳಿದಳಂತೆ. ಮರುವರ್ಷವೇ, ಒತ್ತಿದಾಗಲೆಲ್ಲ ಇಷ್ಟೇ ಎಂದು ಅಳೆದು ಕೊಡುವ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

ಒಂದು ಒತ್ತಿಗೆ ಅಳತೆ ದೊರಕಿತು. ದಿನಕ್ಕೆಷ್ಟು ಒತ್ತು ಎಂಬುದಕ್ಕೆ ದೊರಕಲಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಐಸೋಪ್ರೆನಲಿನ್ ತುಂಬಿದ ಇನ್‌ಹೇಲರುಗಳನ್ನು ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ಕೊಳ್ಳಬಹುದಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಉಬ್ಬಸದ ಸಾವುಗಳು 1959ರಿಂದ 1966ರೊಳಗೆ ಏಳೆಂಟು ಪಟ್ಟು ಏರಿದವು. ಮದ್ದಿನ ಅತಿಬಳಕೆ ಹೃದಯವನ್ನು ಕೆಡಿಸಿತೋ, ಅದರ ಕ್ಷಣಿಕ ಉಪಶಮನವನ್ನು ನಂಬಿ ರೋಗಿಗಳು ವೈದ್ಯರ ಬಳಿಗೆ ತಡವಾಗಿ ಹೋದರೋ, ವಿದ್ವಾಂಸರಲ್ಲಿ ಚರ್ಚೆ ನಡೆಯಿತು. 1967ರಲ್ಲಿ ವೈದ್ಯರಿಗೆ ಎಚ್ಚರಿಕೆಯ ಪತ್ರ ಹೋಯಿತು; 1968ರಲ್ಲಿ ಚೀಟಿ ಕಡ್ಡಾಯವಾಯಿತು. ಅದು ಆಗಬೇಕಾದದ್ದೇ. ಆದರೂ ಒಂದು ಮಾತು: ಒಂದೇ ಮನೆಗೆ ವಾರದೊಳಗೆ ಎರಡನೆಯ ಡಬ್ಬಿ ಹೋಗುತ್ತಿದ್ದರೆ ಅದು ವೈದ್ಯರ ಕಣ್ಣಿಗಿಂತ ಮೊದಲು ಅಂಗಡಿಯವರ ಕಣ್ಣಿಗೆ ಬೀಳುತ್ತದೆ. ಮಾರುವುದಷ್ಟೇ ತಮ್ಮ ಕೆಲಸವೆಂದು ಅವರು ತಿಳಿದಿದ್ದರೆ ಆ ಲೆಕ್ಕ ಯಾರಿಗೂ ದಕ್ಕುವುದಿಲ್ಲ.

1969ರಲ್ಲಿ ಸಾಲ್ಬುಟಮಾಲ್, 1972ರಲ್ಲಿ ಬೆಕ್ಲೊಮೆಥಸೋನ್ ಬಂದ ಮೇಲೆ ಗೋಜಲು ಬೇರೆಯಾಯಿತು. ಮೊದಲನೆಯದು ನಿಮಿಷಗಳಲ್ಲಿ ಉಸಿರು ಬಿಡಿಸುತ್ತದೆ. ಎರಡನೆಯದು ನಾಳದ ಊತವನ್ನು ದಿನಗಟ್ಟಲೆ ಮೆಲ್ಲನೆ ಇಳಿಸುತ್ತದೆ. ತೆಗೆದುಕೊಂಡಾಗ ಏನೂ ಆದಂತೆ ತೋರದು. ಆದ್ದರಿಂದ ರೋಗಿಯು ಬಿಡಬಾರದ್ದನ್ನು ಬಿಟ್ಟು, ಮಿತವಾಗಿರಬೇಕಾದುದನ್ನೇ ಮತ್ತೆ ಮತ್ತೆ ಕೊಳ್ಳುತ್ತಾನೆ.

ಫಿನ್ಲೆಂಡ್ ದೇಶದವರು ಇದನ್ನು ಚೆನ್ನಾಗಿ ಅರಿತರು. 1994ರಿಂದ ಹತ್ತು ವರ್ಷ ನಡೆದ ಅವರ ಉಬ್ಬಸ ಯೋಜನೆಯಲ್ಲಿ ಹೆಚ್ಚುಕಡಿಮೆ ಪ್ರತಿ ಔಷಧದಂಗಡಿಯಲ್ಲೂ ಈ ರೋಗದ ವಿಷಯಕ್ಕೆಂದೇ ಒಬ್ಬ ಫಾರ್ಮಸಿಸ್ಟರು ನೇಮಕವಾದರು. ವೈದ್ಯರೂ ದಾದಿಯರೂ ಅಂಗಡಿಯವರೂ ಕೂಡಿ ದುಡಿದ ಆ ಅವಧಿಯಲ್ಲಿ ಉಬ್ಬಸಕ್ಕಾಗಿ ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಸುಮಾರು ಅರ್ಧಕ್ಕಿಳಿದವು.

ನಮ್ಮಲ್ಲಿ ಫಾರ್ಮಸಿ ಕಾಯಿದೆ ಬಂದದ್ದು 1948ರಲ್ಲಿ. ಅದು ಅಂಗಡಿಯಲ್ಲಿ ಯಾರು ನಿಲ್ಲಬೇಕೆಂದು ಹೇಳಿತು. ರೋಗಿಯೊಡನೆ ಏನು ಮಾತಾಡಬೇಕೆಂದು ಹೇಳಲು 2015ರ ನಿಯಮಗಳೇ ಬರಬೇಕಾಯಿತು. ಈ ನಡುವೆ, 1990ರ ದಶಕದ ಉತ್ತರಾರ್ಧದಲ್ಲಿ, ಮೈಸೂರಿನ ಜೆಎಸ್ಎಸ್ ಕಾಲೇಜು ಫಾರ್ಮಸಿ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ಯುವ ಉನ್ನತ ವ್ಯಾಸಂಗವನ್ನು ಆರಂಭಿಸಿತ್ತು.

ಹೇಳಬೇಕಾದ ಮಾತು ಬಹಳವಲ್ಲ. ಡಬ್ಬಿಯನ್ನು ಕುಲುಕಬೇಕು, ಉಸಿರನ್ನು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಎಳೆದುಕೊಳ್ಳುತ್ತಲೇ ಒತ್ತಬೇಕು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು, ಊತ ಇಳಿಸುವ ಮದ್ದಾದರೆ ಅನಂತರ ಬಾಯಿ ಮುಕ್ಕಳಿಸಬೇಕು. ಡಬ್ಬಿ ಬರಿದಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯವನ್ನು ನಂಬುವಂತಿಲ್ಲ. ಎಣಿಕೆಯ ಅಂಕಿ ಇಲ್ಲದ ಡಬ್ಬಿಯಾದರೆ ಅಂಗಡಿಯವರು ಅದರ ಮೇಲೆ ದಿನಾಂಕ ಬರೆದುಕೊಡಬಹುದು: ಇನ್ನೂರು ಒತ್ತಿನದು, ದಿನಕ್ಕೆ ನಾಲ್ಕರಂತೆ ಐವತ್ತು ದಿನ.