ಮೂವತ್ತು ಸೆಕೆಂಡಿನ ಹಳೇ ಕಥೆ

ಮನ್ಮನೆ ಕಡೆ ಮಳೆಗಾಲದಲ್ಲಿ ಕರೆಂಟು ಹೋಗಿ ಬರೋದು ಹೊಸದೇನಲ್ಲ. ಒಮ್ಮೆ ಒಂದು ಕಚೇರಿಯಲ್ಲಿ ಪಹಣಿಗೆ ಕಾದು ಕುಳಿತಿದ್ದೆ. ಕರೆಂಟು ಬಂತು, ಕಂಪ್ಯೂಟರ್ ಎದ್ದಿತು, ನೆಟ್‌ವರ್ಕ್ ಮಾತ್ರ ಇಲ್ಲ. ಸಿಬ್ಬಂದಿ ಕೇಬಲ್ ಕಿತ್ತು ಮತ್ತೆ ಚುಚ್ಚಿದರು. ಕಿತ್ತಷ್ಟೂ ಸಲ ಕಾಯುವಿಕೆ ಮೊದಲಿಂದ ಶುರುವಾಗುತ್ತೆ ಅನ್ನೋದು ನಮಗಾರಿಗೂ ಗೊತ್ತಿರಲಿಲ್ಲ.

ಈ ಕಾಯುವಿಕೆಯ ಬೇರು 1985ರಲ್ಲಿದೆ. ಅಮೆರಿಕದ ಡಿಇಸಿ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನ ರೂಪಿಸಿದರು. ಅದರ ಬಗ್ಗೆ ಒಂದು ಪದ್ಯವನ್ನೂ ಬರೆದರು!

ತೋಟಕ್ಕೆ ಎರಡು ಕಾಲುವೆ ಇದ್ದರೆ ಒಂದಕ್ಕೆ ಮಣ್ಣು ಕಟ್ಟಿ, ಇನ್ನೊಂದರಲ್ಲಿ ನೀರು ಬಿಡ್ತೇವಲ್ಲ, ಹಾಗೇ ಇದು. ಮೊದಲನೆಯದು ಒಡೆದರೆ ಎರಡನೆಯದು ತೆರೆಯುತ್ತೆ. ಎರಡೂ ಒಟ್ಟಿಗೆ ತೆರೆದರೆ ಸಂದೇಶ ಸುತ್ತುತ್ತಲೇ ಇರುತ್ತೆ, ಸುತ್ತುತ್ತಾ ಹೆಚ್ಚುತ್ತೆ, ನೆಟ್‌ವರ್ಕೇ ಮುಳುಗುತ್ತೆ. ಅದಕ್ಕೇ ಸ್ವಿಚ್ಚಿನ ಕಿಂಡಿ, ಅಂದರೆ ಪೋರ್ಟ್, ಮೊದಲು 15 ಸೆಕೆಂಡು ಸುಮ್ಮನೆ ಕೇಳಿಸಿಕೊಳ್ಳುತ್ತೆ, ಇನ್ನೊಂದು 15 ಸೆಕೆಂಡು ಯಾರು ಎಲ್ಲಿದ್ದಾರೆ ಅಂತ ಕಲಿಯುತ್ತೆ. 1990ರಲ್ಲಿ 802.1ಡಿ ಎಂಬ ಮಾನದಂಡಕ್ಕೆ ಇದೇ ಸೇರಿತು.

ಆದರೆ ಕಂಪ್ಯೂಟರ್‌ಗಳು ಬೇಗ ಎದ್ದು, ಪೋರ್ಟ್ ತೆರೆಯೋ ಮುಂಚೆಯೇ ವಿಳಾಸ ಕೇಳಿ, ಸಿಗದೆ ಸುಮ್ಮನಾಗತೊಡಗಿದವು. ಆಗ ಸಿಸ್ಕೊ ಕಂಪನಿ ಪೋರ್ಟ್‌ಫಾಸ್ಟ್ ಅನ್ನೋ ಆಯ್ಕೆ ಕೊಟ್ಟಿತು. ಆ ಪೋರ್ಟ್ ಕಾಯದೆ ನೇರ ತೆರೆಯುತ್ತೆ. 2001ರಲ್ಲಿ ಬಂದ ವೇಗದ ಆವೃತ್ತಿ ಇದನ್ನೇ ಅಂಚಿನ ಪೋರ್ಟ್ ಅಂತ ಒಪ್ಪಿಕೊಂಡಿತು.

ಒಂದು ಷರತ್ತಿದೆ. ಕಂಪ್ಯೂಟರ್, ಪ್ರಿಂಟರ್ ಇರುವ ಪೋರ್ಟ್‌ಗೆ ಮಾತ್ರ ಇದು. ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೋಗುವ ಕೇಬಲ್‌ಗೆ ಹಾಕಿದರೆ ಎರಡೂ ಕಾಲುವೆ ತೆರೆದಂತೆ. ಜೊತೆಗೆ ಬಿಪಿಡಿಯು ಗಾರ್ಡ್ ಹಾಕಬೇಕು. ಆ ಪೋರ್ಟ್‌ಗೆ ಯಾರೋ ತಿಳಿಯದೆ ಸ್ವಿಚ್ ಚುಚ್ಚಿದರೆ ಅದು ತಾನೇ ಮುಚ್ಚಿಕೊಳ್ಳುತ್ತೆ.

ಇಷ್ಟು ಹೆದರಿಕೆ ಯಾಕೆ ಅಂತೀರಾ? 2002ರ ನವೆಂಬರ್‌ನಲ್ಲಿ ಬೋಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ ಸ್ಪ್ಯಾನಿಂಗ್ ಟ್ರೀ ಎಡವಿ ನೆಟ್‌ವರ್ಕ್ ಕುಸಿಯಿತು. ವೈದ್ಯರು ಹಲವು ದಿನ ಕಾಗದದ ಮೇಲೆ ಬರೆದು ಕೆಲಸ ಮಾಡಬೇಕಾಯಿತು. ಅಷ್ಟು ದೊಡ್ಡ ಆಸ್ಪತ್ರೆಯ ಗತಿಯೇ ಹಾಗಾದರೆ ನಮ್ಮ ಕಚೇರಿಗಳದ್ದೇನು?

ಅಗ್ಗದ ಐದು ಪೋರ್ಟಿನ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಸ್ಪ್ಯಾನಿಂಗ್ ಟ್ರೀ ಇರೋದೇ ಇಲ್ಲ, ಆಗ ಕಾಯುವಿಕೆಯೂ ಇಲ್ಲ, ಕಾವಲೂ ಇಲ್ಲ. ಆ ಕಚೇರಿಯದ್ದು ದೊಡ್ಡದು, ಸೆಟ್ಟಿಂಗ್ ಬದಲಿಸಬಹುದಾದದ್ದು. ಪಾಸ್‌ವರ್ಡ್ ಯಾರ ಬಳಿ ಇದೆ ಅಂತ ಕೇಳಿದೆ. ಕೂರಿಸಿ ಹೋದ ಗುತ್ತಿಗೆದಾರನ ಬಳಿ ಅಂದರು. ಅವನ ನಂಬರ್ ಯಾರ ಬಳಿಯೂ ಇರಲಿಲ್ಲ.