ತೊಡಕನ್ನೇ ಚಿತ್ರವಾಗಿಸಿದ ಎಂಆರ್‌ಐ

ಎಂಆರ್‌ಐ ಯಂತ್ರ ನಮ್ಮ ಮೈಯೊಳಗೆ ನೋಡುವುದು ಬಹುಮಟ್ಟಿಗೆ ನೀರನ್ನು, ಅದರ ಜೊತೆಗೆ ಒಂದಿಷ್ಟು ಕೊಬ್ಬನ್ನು. ಎರಡರಲ್ಲೂ ಹೈಡ್ರೋಜನ್ ಇದೆ. ಹೈಡ್ರೋಜನ್ ಪರಮಾಣುವಿನ ಬೀಜವಾದ ಒಂಟಿ ಪ್ರೋಟಾನು ಒಂದು ಪುಟ್ಟ ಅಯಸ್ಕಾಂತ. ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅದು ತಲೆದೂಗುವ ಬುಗುರಿಯಂತೆ ಕ್ಷೇತ್ರದ ಸುತ್ತ ತಿರುಗತೊಡಗುತ್ತದೆ. ಕ್ಷೇತ್ರ ಬಲವಾದಷ್ಟೂ ಈ ತಿರುಗು ಚುರುಕು: ಒಂದು ಟೆಸ್ಲಾಗೆ ಸೆಕೆಂಡಿಗೆ ಸುಮಾರು 4.26 ಕೋಟಿ ಸುತ್ತು. ಅದೇ ಆವೃತ್ತಿಯ ರೇಡಿಯೋ ಅಲೆಯನ್ನು ಕ್ಷಣಕಾಲ ಹಾಯಿಸಿದರೆ ಪ್ರೋಟಾನುಗಳು ಶಕ್ತಿ ಹೀರಿ ವಾಲುತ್ತವೆ. ಅಲೆ ನಿಂತ ಮೇಲೆ ಅದೇ ಆವೃತ್ತಿಯಲ್ಲಿ ಸಂಕೇತ ಹೊರಡಿಸುತ್ತಾ ಮೊದಲಿನ ನೆಲೆಗೆ ಮರಳುತ್ತವೆ. ಈ ಸಂಕೇತ ಬಹಳ ಕ್ಷೀಣ. 1.5 ಟೆಸ್ಲಾ ಯಂತ್ರದಲ್ಲೂ ಕ್ಷೇತ್ರದ ಕಡೆಗೆ ವಾಲಿದ ಪ್ರೋಟಾನುಗಳು ಎದುರು ದಿಕ್ಕಿನವಕ್ಕಿಂತ ಹೆಚ್ಚಿರುವುದು ಹತ್ತು ಲಕ್ಷಕ್ಕೆ ಐದರಷ್ಟು ಮಾತ್ರ; ಉಳಿದವು ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಬಿಡುತ್ತವೆ. ಒಂದು ಹನಿ ನೀರಿನಲ್ಲೂ ಪ್ರೋಟಾನುಗಳು ಎಣಿಕೆಗೆ ಸಿಗದಷ್ಟಿರುವುದರಿಂದ ಆ ಐದರಿಂದಲೇ ಕೆಲಸ ನಡೆಯುತ್ತದೆ.

ಪರಮಾಣು ಬೀಜಗಳ ಈ ಅನುರಣನವನ್ನು 1938ರಲ್ಲಿ ಇಸಿಡೋರ್ ರಾಬಿ ಅಣುಗಳ ಕಿರಣದಲ್ಲಿ ಅಳೆದರು. ಎರಡನೆಯ ಮಹಾಯುದ್ಧ ಮುಗಿದ ಬೆನ್ನಲ್ಲೇ ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ತಂಡ ಪ್ಯಾರಾಫಿನ್ ಮೇಣದಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ತಂಡ ನೀರಿನಲ್ಲಿ ಅದನ್ನು ಕಂಡವು. 1952ರ ನೊಬೆಲ್ ಈ ಇಬ್ಬರಿಗೂ ಸಂದಿತು. ಅಲ್ಲಿಂದ ಮುಂದೆ ಎರಡು ದಶಕ ಇದು ರಸಾಯನ ಶಾಸ್ತ್ರಜ್ಞರ ಉಪಕರಣ. ಅವರಿಗೆ ಬೇಕಿದ್ದದ್ದು ಮಾದರಿಯ ಉದ್ದಗಲಕ್ಕೂ ಒಂದೇ ಸಮನಾದ ಕ್ಷೇತ್ರ. ಕ್ಷೇತ್ರ ಅಲ್ಲಲ್ಲಿ ಏರುಪೇರಾದರೆ ರೋಹಿತದ ಗೆರೆಗಳೆಲ್ಲ ಮಸುಕಾಗುತ್ತಿದ್ದವು, ಅದನ್ನು ಸರಿಪಡಿಸುವುದರಲ್ಲೇ ಗಂಟೆಗಟ್ಟಲೆ ಕಳೆಯಬೇಕಿತ್ತು. ಎಂಆರ್‌ಐ ಬೆಳೆದು ಬಂದ ದಾರಿಯಲ್ಲಿ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸುವುದು ಇದೇ: ಒಂದು ತಲೆಮಾರು ತೊಲಗಿಸಲು ಹೆಣಗಿದ ತೊಡಕನ್ನು ಮುಂದಿನ ತಲೆಮಾರು ಮಾಹಿತಿಯೆಂದು ಓದಿಕೊಂಡಿತು. ಹೀಗಾದದ್ದು ಒಮ್ಮೆಯಲ್ಲ, ಮತ್ತೆ ಮತ್ತೆ.

ಅಂಥ ಮೊದಲ ಹೆಜ್ಜೆಗಳಲ್ಲೊಂದು ಮೂಡಿದ್ದು ಬೆಂಗಳೂರಿನಲ್ಲಿ. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಈ ಅನುರಣನವನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ನಿಂತ ದ್ರವದ ಮೇಲೆ ರೇಡಿಯೋ ಅಲೆ ಬೀಳುತ್ತಲೇ ಇದ್ದರೆ ಪ್ರೋಟಾನುಗಳು ದಣಿದು ಸಂಕೇತ ಇಳಿಯುತ್ತದೆ. ದ್ರವ ಹರಿಯುತ್ತಿದ್ದರೆ ದಣಿದವು ಮುಂದೆ ಸಾಗಿ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ; ಸಂಕೇತ ಮತ್ತೆ ಏರುತ್ತದೆ. ಇವತ್ತು ಯಾವ ಇಂಜೆಕ್ಷನ್ನೂ ಇಲ್ಲದೆ ಮೆದುಳಿನ ರಕ್ತನಾಳಗಳನ್ನು ಬೆಳ್ಳಗೆ ಎತ್ತಿ ತೋರಿಸುವ ಎಂಆರ್ ಆಂಜಿಯೋಗ್ರಾಂ ನಿಂತಿರುವುದು ಇದೇ ತತ್ವದ ಮೇಲೆ. ಸೂರ್ಯನ್ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

1971ರಲ್ಲಿ ನ್ಯೂಯಾರ್ಕ್‌ನ ವೈದ್ಯ ರೇಮಂಡ್ ಡಮೇಡಿಯನ್, ಇಲಿಗಳ ಗೆಡ್ಡೆಯ ಪ್ರೋಟಾನುಗಳು ಆರೋಗ್ಯವಂತ ಅಂಗಾಂಶದವಕ್ಕಿಂತ ನಿಧಾನವಾಗಿ ಮೊದಲಿನ ನೆಲೆಗೆ ಮರಳುತ್ತವೆಂದು ತೋರಿಸಿದರು. ಕಾಯಿಲೆಯ ಗುರುತು ಸಿಕ್ಕಿತು, ಆದರೆ ಸಂಕೇತ ಮೈಯ ಯಾವ ಮೂಲೆಯಿಂದ ಬಂತೆಂದು ತಿಳಿಯುವುದು ಹೇಗೆ? ಅಮೆರಿಕದ ರಸಾಯನ ವಿಜ್ಞಾನಿ ಪಾಲ್ ಲಾಟರ್‌ಬರ್ ಉತ್ತರ ಹುಡುಕಿದ್ದು ಎಲ್ಲರೂ ದೂರವಿಟ್ಟಿದ್ದ ಏರುಪೇರಿನಲ್ಲೇ. ಕ್ಷೇತ್ರವನ್ನು ಬೇಕೆಂದೇ ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಜಾರಾಗಿಸಿದರೆ ಒಂದೊಂದು ಜಾಗದ ಪ್ರೋಟಾನೂ ಬೇರೆ ಬೇರೆ ಆವೃತ್ತಿಯಲ್ಲಿ ಉತ್ತರಿಸುತ್ತದೆ, ಆವೃತ್ತಿಯೇ ವಿಳಾಸವಾಗುತ್ತದೆ. ಅವರ ಪ್ರಯೋಗದ ವಸ್ತು ತೀರ ಸಣ್ಣದು. ಸುಮಾರು ನಾಲ್ಕು ಮಿಲಿಮೀಟರ್ ಅಗಲದ ಗಾಜಿನ ನಳಿಕೆಯಲ್ಲಿ, ಈ ಆವೃತ್ತಿಯಲ್ಲಿ ಉತ್ತರಿಸದ ಭಾರಜಲ, ಅದರ ಒಳಗೋಡೆಗೆ ಅಂಟಿದ ಒಂದೊಂದು ಮಿಲಿಮೀಟರಿನ ಎರಡು ಕೊಳವೆಗಳಲ್ಲಿ ಸಾದಾ ನೀರು. ಇಳಿಜಾರಿನ ದಿಕ್ಕು ಬದಲಿಸುತ್ತಾ ಅಳೆದು, ಅಳತೆಗಳನ್ನು ಕೂಡಿಸಿದಾಗ ಎರಡು ಮಸುಕು ಮಚ್ಚೆಗಳು ಕಂಡವು. 'ನೇಚರ್' ಪತ್ರಿಕೆ ಮೊದಲು ತಿರಸ್ಕರಿಸಿದ್ದ ಆ ಲೇಖನ 1973ರಲ್ಲಿ ಅಲ್ಲೇ ಅಚ್ಚಾಯಿತು.

ಆ ಮಚ್ಚೆಗಳು ಇವತ್ತಿನ ಚಿತ್ರವಾಗಿ ಮಾರ್ಪಟ್ಟದ್ದಕ್ಕೆ ಮುಖ್ಯ ಕಾರಣ ಗಣಿತ. 1975ರಲ್ಲಿ ಜ್ಯೂರಿಚ್‌ನಲ್ಲಿ ರಿಚರ್ಡ್ ಅರ್ನ್ಸ್ಟ್ ಜೊತೆ ಅನಿಲ್ ಕುಮಾರ್ ಮತ್ತು ಡೀಟರ್ ವೆಲ್ಟಿ ಹೊಸ ದಾರಿ ತೋರಿದರು. ಇಳಿಜಾರನ್ನು ಸುತ್ತ ತಿರುಗಿಸುವ ಬದಲು ಮೊದಲು ಒಂದು ದಿಕ್ಕಿನಲ್ಲಿ ತುಸು ಹೊತ್ತು, ಆಮೇಲೆ ಇನ್ನೊಂದು ದಿಕ್ಕಿನಲ್ಲಿ ಕೊಟ್ಟು, ಬಂದ ಸಂಕೇತಗಳಿಗೆ ಎರಡೂ ದಿಕ್ಕಿನಲ್ಲಿ, ಸಂಕೇತವನ್ನು ಅದರೊಳಗಿನ ಆವೃತ್ತಿಗಳಾಗಿ ಬಿಡಿಸುವ ಫೂರಿಯೆ ಗಣಿತ ಅನ್ವಯಿಸುವುದು ಈ ವಿಧಾನ. ಸ್ಕಾಟ್ಲೆಂಡಿನ ಅಬರ್ಡೀನ್ ತಂಡ 1980ರಲ್ಲಿ ಇದನ್ನು ತಿದ್ದಿ, ರೋಗಿಗಳ ಚಿತ್ರ ತೆಗೆಯಲು ಒಗ್ಗುವಂತೆ ಮಾಡಿತು. ಆಸ್ಪತ್ರೆಗಳ ಯಂತ್ರಗಳು ಹೆಚ್ಚಾಗಿ ಈಗಲೂ ಹಿಡಿದಿರುವುದು ಇದೇ ಜಾಡು. ಅನಿಲ್ ಕುಮಾರ್ ಭಾರತಕ್ಕೆ ಮರಳಿ ದಶಕಗಳ ಕಾಲ ಕೆಲಸ ಮಾಡಿದ್ದು ಬೆಂಗಳೂರಿನ ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇತ್ತ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ 1977ರಲ್ಲಿ ಇಡೀ ಚಿತ್ರವನ್ನು ಒಂದೇ ಏಟಿಗೆ ಸೆರೆಹಿಡಿಯುವ ಎಕೋ ಪ್ಲೇನರ್ ವಿಧಾನ ಮಂಡಿಸಿದರು. ಅದೇ ವರ್ಷ ಡಮೇಡಿಯನ್ ತಂಡ ಮನುಷ್ಯನ ಎದೆಯ ಮೊದಲ ಚಿತ್ರ ತೆಗೆಯಲು ಐದು ಗಂಟೆಯ ಹತ್ತಿರ ಹಿಡಿದಿತ್ತು. 2003ರ ನೊಬೆಲ್ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಇಬ್ಬರಿಗೇ ಸಂದಾಗ ಡಮೇಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. ಚಿತ್ರ ರಚಿಸುವ ವಿಧಾನ ಅವರದಲ್ಲ, ನಿಜ. ಆದರೆ ರೋಗಿಯ ಕಡೆಗೆ ಈ ವಿದ್ಯೆಯನ್ನು ಮೊದಲು ತಿರುಗಿಸಿದವರಲ್ಲಿ ಅವರಿದ್ದರು, ಮೂರನೆಯ ಹೆಸರಿಗೆ ಜಾಗವೂ ಇತ್ತು.

ಇನ್ನು ರೋಗಪತ್ತೆಯ ಮಾತು. ಎಕ್ಸ್‌ರೇ ಮತ್ತು ಸಿಟಿ ಮೂಳೆಯನ್ನು ಚೆನ್ನಾಗಿ ತೋರಿಸುತ್ತವೆ. ಎಂಆರ್‌ಐ ಮೆತ್ತನೆಯ ಅಂಗಾಂಶವನ್ನು. ಜಾರಿದ ಡಿಸ್ಕ್ ನರವನ್ನು ಒತ್ತುತ್ತಿರುವುದು, ಮೊಣಕಾಲಿನ ಹರಿದ ಲಿಗಮೆಂಟ್, ಫಿಟ್ಸ್‌ಗೆ ಕಾರಣವಾದ ಮೆದುಳಿನ ಸಣ್ಣ ಕಲೆ, ಇವೆಲ್ಲ ವಿಕಿರಣದ ಭಯವಿಲ್ಲದೆ ಕಾಣಸಿಗುತ್ತವೆ. ಆದರೆ ಅತ್ಯಂತ ನಾಟಕೀಯ ಲಾಭ ಬಂದದ್ದು ಪಾರ್ಶ್ವವಾಯುವಿನಲ್ಲಿ. ಎರ್ವಿನ್ ಹಾನ್ 1950ರಲ್ಲಿ ಸ್ಪಿನ್ ಎಕೋ, ಅಂದರೆ ಪ್ರೋಟಾನು ಸಂಕೇತದ ಮರುದನಿ, ಕಂಡುಹಿಡಿದಾಗಲೇ, ಅಣುಗಳು ಅತ್ತಿತ್ತ ಅಲೆಯುವುದರಿಂದ ಸಂಕೇತ ಕುಗ್ಗುತ್ತದೆಂದು ಗಮನಿಸಿದ್ದರು. ಆಗ ಅದು ಅಳತೆಗೆ ಅಡ್ಡ ಬರುವ ಸಂಗತಿ. 1980ರ ದಶಕದ ನಡುವೆ ಫ್ರಾನ್ಸಿನ ಡೆನಿ ಲ ಬಿಯಾನ್ ಆ ಅಲೆದಾಟವನ್ನೇ (ಡಿಫ್ಯೂಷನ್) ಚಿತ್ರವಾಗಿಸಿದರು. 1990ರಲ್ಲಿ ಮೈಕೆಲ್ ಮೋಸ್ಲಿ ಬೆಕ್ಕುಗಳ ಮೆದುಳಿನಲ್ಲಿ, ರಕ್ತ ನಿಂತ ಭಾಗ ಈ ಚಿತ್ರದಲ್ಲಿ ಬೇಗನೆ ಹೊಳೆಯುವುದನ್ನು ತೋರಿಸಿದರು. ಕಾರಣ ಇಷ್ಟು: ರಕ್ತ ನಿಂತರೆ ಜೀವಕೋಶದ ಸೋಡಿಯಂ ಪಂಪಿಗೆ ಶಕ್ತಿ ಸಾಲದು, ನೀರು ಕೋಶದೊಳಕ್ಕೆ ನುಗ್ಗಿ ಕೋಶ ಉಬ್ಬುತ್ತದೆ, ನೀರಿನ ಅಲೆದಾಟಕ್ಕೆ ಜಾಗ ಇಲ್ಲವಾಗುತ್ತದೆ. ಮೊದಲ ಗಂಟೆಗಳಲ್ಲಿ ಸಿಟಿ ಚಿತ್ರ ಎಷ್ಟೋ ಸಲ ಸಹಜವಾಗಿಯೇ ಕಾಣುವ ಮೆದುಳಿನಲ್ಲಿ ಡಿಫ್ಯೂಷನ್ ಚಿತ್ರ ಬಿಳಿ ಮಚ್ಚೆಯೊಂದನ್ನು ಎದ್ದು ತೋರಿಸುತ್ತದೆ.

ಮೆದುಳು ಕೆಲಸ ಮಾಡುವುದನ್ನು ನೋಡುವ ಎಫ್‌ಎಂಆರ್‌ಐ ಹುಟ್ಟಿದ್ದೂ ಹೀಗೆಯೇ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ಸುತ್ತಮುತ್ತ ಕದಡುತ್ತದೆ. ಬೆಲ್ ಲ್ಯಾಬ್ಸ್‌ನ ಸೇಜಿ ಒಗಾವಾ 1990ರಲ್ಲಿ ಆ ಕದಡುವಿಕೆಯನ್ನೇ ಸಂಕೇತವಾಗಿ ಓದಿದರು. ಗೆಡ್ಡೆಯ ಶಸ್ತ್ರಕ್ರಿಯೆಗೆ ಮುನ್ನ ಮಾತಿನ ಕೇಂದ್ರ, ಕೈಕಾಲಿನ ಚಲನೆಯ ಕೇಂದ್ರ ಎಲ್ಲಿದೆಯೆಂದು ಶಸ್ತ್ರವೈದ್ಯರು ಇದರ ನೆರವಿನಿಂದ ಗುರುತು ಮಾಡಿಕೊಳ್ಳುತ್ತಾರೆ.

1988ರಲ್ಲಿ ಬಳಕೆಗೆ ಬಂದ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಇಂಜೆಕ್ಷನ್ ಗೆಡ್ಡೆ, ಸೋಂಕುಗಳನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಮೂತ್ರಪಿಂಡ ತೀರ ಸೋತವರಲ್ಲಿ ಅದರಿಂದ ಚರ್ಮ ಗಡುಸಾಗುವ ಕಾಯಿಲೆ ಬರಬಹುದೆಂದು 2006ರಲ್ಲಿ ಗೊತ್ತಾಯಿತು. ಇಂಜೆಕ್ಷನ್‌ಗೆ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಕೇಳುವುದು ಈ ಕಾರಣಕ್ಕೆ. ಕಬ್ಬಿಣದ ಅಪಾಯವಂತೂ ನೇರವಾದದ್ದು. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು ಮೂವತ್ತು ಸಾವಿರ ಪಟ್ಟು, ಮತ್ತು ರೋಗಿ ಇರಲಿ ಇಲ್ಲದಿರಲಿ ಆ ಅಯಸ್ಕಾಂತ ಸದಾ ಚಾಲೂ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಸಂಬಂಧಿಯೊಬ್ಬರು ಪ್ರಾಣ ಕಳೆದುಕೊಂಡರು. ಬಾಗಿಲಲ್ಲಿ ತಂತ್ರಜ್ಞರು ಕೇಳುವ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸಿ.

ಈಗ ಈ ತಂತ್ರಜ್ಞಾನ ಎರಡು ಕಡೆಗೆ ಬೆಳೆಯುತ್ತಿದೆ. ಫ್ರಾನ್ಸಿನ ಸಾಕ್ಲೇಯಲ್ಲಿ 11.7 ಟೆಸ್ಲಾ ಯಂತ್ರ ಮನುಷ್ಯನ ಮೆದುಳಿನ ಚಿತ್ರಗಳನ್ನು 2024ರಲ್ಲಿ ಕೊಟ್ಟಿತು. ಇನ್ನೊಂದು ಕಡೆ, 0.064 ಟೆಸ್ಲಾದ, ಗಾಲಿಯ ಮೇಲೆ ತಳ್ಳಿಕೊಂಡು ಐಸಿಯು ಹಾಸಿಗೆಯ ಪಕ್ಕಕ್ಕೇ ಒಯ್ಯಬಹುದಾದ ಯಂತ್ರಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ದೊಡ್ಡ ಯಂತ್ರಗಳ ಅಯಸ್ಕಾಂತವನ್ನು ತಣ್ಣಗಿಡುವ -269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂ ಅದಕ್ಕೆ ಬೇಡ. ಚಿತ್ರ ಒರಟು, ಆದರೆ ರಕ್ತಸ್ರಾವ ಗುರುತಿಸಲು ಎಷ್ಟೋ ಸಲ ಸಾಕು. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಕಂಪನಿ ದೇಶದಲ್ಲೇ ರೂಪಿಸಿದ 1.5 ಟೆಸ್ಲಾ ಯಂತ್ರವನ್ನು 2023ರಲ್ಲಿ ಹೊರತಂದಿತು. ಸ್ಕ್ಯಾನಿಗಾಗಿ ತಾಲ್ಲೂಕಿನಿಂದ ದೊಡ್ಡ ಊರಿಗೆ ಬಸ್ಸು ಹಿಡಿಯುವವರ ದೃಷ್ಟಿಯಿಂದ ನೋಡಿದರೆ, ಇನ್ನಷ್ಟು ಟೆಸ್ಲಾ ಕೂಡಿಸುವುದಕ್ಕಿಂತ ಯಂತ್ರವನ್ನು ರೋಗಿಯ ಹತ್ತಿರಕ್ಕೆ ತರುವ ಈ ಎರಡನೆಯ ದಾರಿಗೇ ಹಣ, ಬುದ್ಧಿ ಎರಡೂ ಹೆಚ್ಚು ಹರಿಯಬೇಕು.